ಸೆಲ್ವರಾಜನಿಗೆ ವಯಸ್ಸಾದ ದಿನ

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಶ್ಯಾಮಲಾಳ ಫೋಟೋ ಸ್ಟುಡಿಯೋ. ಅಲ್ಲಿದ್ದ ಕಂಪ್ಯೂಟರಿಗೆ ಅವಳ ಮದುವೆಗಿಂತ ಹೆಚ್ಚು ವಯಸ್ಸು. ಬೆಳಿಗ್ಗೆ ಅದು ಕಣ್ಣು ಬಿಡುವಷ್ಟರಲ್ಲಿ ಶ್ಯಾಮಲಾ ಅಂಗಡಿ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಕಾಫಿಯನ್ನೂ ಕುಡಿದು ಮುಗಿಸಿರುತ್ತಿದ್ದಳು. ಆದರೂ ಅದನ್ನು ಒಂದು ದಿನವೂ ಬೈದವಳಲ್ಲ. ಅನ್ನ ಹಾಕುವ ಪೆಟ್ಟಿಗೆ ಎಂದು ಪ್ರತಿ ಶುಕ್ರವಾರ ಸಂಜೆ ದೇವರ ಪಟಕ್ಕಿಂತ ಮೊದಲು ಅದಕ್ಕೇ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದಳು. ಈಚೆಗೆ ಅದು ತೀರಾ ನಿಧಾನವಾದ ಮೇಲಂತೂ, ಯಾರದೋ ಕಣ್ಣು ಬಿದ್ದಿರಬೇಕೆಂದು ಹೊಗೆಯನ್ನು ಇನ್ನೂ ಜೋರು ಮಾಡಿದ್ದಳು.

ಆ ಮಧ್ಯಾಹ್ನ ಅದರ ಮುಂದೆ ಬಂದು ಕೂತದ್ದು ಮಾರಿಯಮ್ಮ, ಮಾರಿಕುಪ್ಪಂನಿಂದ ರೈಲು ಹತ್ತಿ ಬಂದ ಮುದುಕಿ. ಕವರಿನೊಳಗಿಂದ ಜೋಪಾನವಾಗಿ ತೆಗೆದದ್ದು ಗಂಡ ಸೆಲ್ವರಾಜನ ಫೋಟೋ. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸಕ್ಕೆ ಇಳಿಯುತ್ತಿದ್ದ ಕಾಲದ್ದು. ದಟ್ಟ ಕಪ್ಪು ಕ್ರಾಪು, ತುಟಿಯಂಚಿನಲ್ಲಿ ತುಂಟ ನಗೆ. ಮಕ್ಕಳಿನ್ನೂ ಚಿಕ್ಕವರಿದ್ದಾಗಲೇ ಆತ ತೀರಿಕೊಂಡಿದ್ದ. ಮರುದಿನ ಮೊಮ್ಮಗಳು ಆಶಾರಾಣಿಯ ಮದುವೆ. ತಾಳಿ ಕಟ್ಟಿಸಿಕೊಳ್ಳುವ ಮೊದಲು ಅಜ್ಜ ಅಜ್ಜಿ ಜೊತೆಗಿರುವ ಪಟಕ್ಕೆ ಕೈಮುಗಿಯಬೇಕು ಎಂಬುದು ಅವಳ ಆಸೆ. ಹಾಗೊಂದು ಪಟವೇ ಇರಲಿಲ್ಲ. ಆತನ ಆಗಿನ ಫೋಟೋ, ಇವಳ ಈಗಿನ ಫೋಟೋ ಪಕ್ಕಪಕ್ಕ ಇಟ್ಟರೆ ಗಂಡ ಹೆಂಡತಿ ತಾಯಿ ಮಗನ ಹಾಗೆ ಕಾಣುತ್ತಿದ್ದರು.

ಮನೆಯವರು ಮೊಬೈಲಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ತಾತನನ್ನು ಮುದುಕನನ್ನಾಗಿ ಮಾಡಿ ತೋರಿಸಿದ್ದರಂತೆ. ಮೀಸೆಯೇನೋ ಬೆಳ್ಳಗಿತ್ತು, ಮುಖ ಮಾತ್ರ ಯಾರದೋ. ಊಟಕ್ಕೆ ಬಂದ ಬೀಗರ ಹಾಗಿದ್ದರು ಎಂದು ಮಾರಿಯಮ್ಮನಿಗೆ ಅದರ ಮೇಲೆ ಕೋಪ. ಶ್ಯಾಮಲಾ ಕೈಯಲ್ಲೇ ತಿದ್ದುತ್ತಾಳೆಂದು ಕೇಳಿ ಇಲ್ಲಿಗೆ ಬಂದಿದ್ದಳು. ಸಂಜೆಯ ರೈಲಿಗೆ ಪಟದ ಸಮೇತ ಹಿಂತಿರುಗಬೇಕಿತ್ತು.

ಶ್ಯಾಮಲಾ ಮೊದಲು ಮಾರಿಯಮ್ಮನನ್ನು ಬೆಂಚಿನ ಒಂದು ತುದಿಯಲ್ಲಿ ಕೂರಿಸಿ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಫೋಟೋ ತೆಗೆದಳು. ಆಮೇಲೆ ಸೆಲ್ವರಾಜನ ಮುಖವನ್ನು ಪರದೆಗೆ ತಂದು, ಹುಬ್ಬುಗಳ ನಡುವೆ ಒಂದು ಗೆರೆ ಎಳೆದಳು. ಎಡಿಟಿಂಗ್ ಸಾಫ್ಟ್‌ವೇರಿನ ಉಂಗುರ ತಿರುಗತೊಡಗಿತು. ತಿರುಗಿತು, ತಿರುಗಿತು, ಕೊನೆಗೆ ದೊಡ್ಡ ಉಪಕಾರ ಮಾಡಿದಂತೆ ಗೆರೆ ಮೂಡಿಸಿತು. ಮುಂದಿನ ಗೆರೆಗೂ ಅದೇ ಕಥೆ.

ಉಂಗುರ ತಿರುಗುವ ಹೊತ್ತನ್ನೆಲ್ಲ ಮಾರಿಯಮ್ಮ ಮಾತಿನಿಂದ ತುಂಬಿದಳು. ಇದ್ದಿದ್ದರೆ ಈ ಗೆರೆ ದೊಡ್ಡ ಮಗ ಸ್ಕೂಲು ಬಿಟ್ಟಾಗಲೇ ಬರುತ್ತಿತ್ತು ಎಂದಳು. ಕಣ್ಣ ಕೆಳಗಿನ ಊತ ಗಣಿ ಮುಚ್ಚಿದ ವರ್ಷದ್ದು ಎಂದಳು. ಕೆನ್ನೆ ಜೋತಾಗ, ಹಲ್ಲು ಹೋದರೆ ಇನ್ನೇನಾಗುತ್ತೆ, ಬೀಡಿ ಬಿಡಿ ಎಂದರೆ ಕೇಳಿದರೇ ಎಂದು ಪರದೆಯನ್ನೇ ಗದರಿದಳು. ಆತ ಬದುಕದೇ ಇದ್ದ ವರ್ಷಗಳ ಜಗಳವನ್ನೂ ಅವಳು ಬಾಕಿ ಇಟ್ಟುಕೊಂಡಿದ್ದಳು. ಶ್ಯಾಮಲಾ ನಗು ತಡೆದುಕೊಂಡು ಮುಂದಿನ ಗೆರೆ ಎಳೆದಳು.

ಆದರೆ ಬಿಸಿಲು ಇಳಿಯುತ್ತಿತ್ತು, ಸೆಲ್ವರಾಜನ ಕೂದಲು ಇನ್ನೂ ಕಪ್ಪಗೇ ಇತ್ತು. ಅಷ್ಟರಲ್ಲಿ ಉಂಗುರವೂ ತಿರುಗುವುದನ್ನು ನಿಲ್ಲಿಸಿ ಪರದೆ ಅಲುಗಾಡದೆ ಕೂತಿತು. ಶ್ಯಾಮಲಾ ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದಳು. ಆಫ್ ಮಾಡಿ ಆನ್ ಮಾಡಿದಳು. ಪುಣ್ಯಕ್ಕೆ ಮಾಡಿದ ಕೆಲಸ ಉಳಿದಿತ್ತು. ಹಳೆಯ ಮದುವೆ ಆಲ್ಬಮ್‌ಗಳನ್ನು ಪೆನ್‌ಡ್ರೈವಿಗೆ ಸಾಗಿಸಿ ಜಾಗ ಮಾಡಿದಳು. ಸ್ವಲ್ಪ ಹೊತ್ತು ಓಡಿದಂತೆ ಮಾಡಿ ಮತ್ತೆ ಮುಷ್ಕರ. ಒಳಗಿನ ಫ್ಯಾನು ಮಾತ್ರ ಗೊರಗೊರ ಎಂದು ಏದುತ್ತಿತ್ತು. ಮದುವೆಮನೆಗೆ ಈ ಅಜ್ಜಿಯನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದು ಅವಳಿಗೆ ಅಳುವೇ ಬಂತು.

ಮಾರಿಯಮ್ಮ ಆ ಸದ್ದಿಗೆ ಕಿವಿಗೊಟ್ಟಿದ್ದಳು. ಎದ್ದು ಬಂದು ಪೆಟ್ಟಿಗೆಯ ಬೆನ್ನಿನ ಮೇಲೆ ಅಂಗೈ ಇಟ್ಟಳು. ಅದು ಜ್ವರ ಬಂದ ಮೈಯಂತೆ ಸುಡುತ್ತಿತ್ತು.

"ನಮ್ಮೋರಿಗೂ ಕಡೇ ವರ್ಷ ಇದೇ ಸದ್ದು ಕಣಮ್ಮಾ," ಎಂದಳು. "ಎರಡೆಜ್ಜೆ ಇಟ್ರೆ ನಿಂತ್ಕೊಳ್ಳೋರು. ಗಣಿ ದೂಳು ಎದೆಯಾಗೆ ಕುಂತ್ಬಿಟ್ಟಿತ್ತು. ಇದ್ರೊಳಗೂ ದೂಳೈತೇನೋ, ಬಿಚ್ಚಿ ನೋಡು."

ದಿನಾ ಒರೆಸುವ ಪೆಟ್ಟಿಗೆಯೊಳಗೆ ಎಲ್ಲಿಯ ದೂಳು ಎಂದುಕೊಂಡೇ ಶ್ಯಾಮಲಾ ಪ್ಲಗ್ ಕಿತ್ತು ಸ್ಕ್ರೂ ಬಿಚ್ಚಿದಳು. ಫ್ಯಾನಿನ ರೆಕ್ಕೆಗಳ ಮೇಲೂ ಸಂದಿಗಳಲ್ಲೂ ಬೂದು ಬಣ್ಣದ ಜಿಡ್ಡು ಕಂಬಳಿಯಂತೆ ಕೂತಿತ್ತು. ಮೂಗಿಗೆ ಹಿಡಿದರೆ ಘಮ್ಮೆಂದು ಸಾಂಬ್ರಾಣಿ. ವರ್ಷಗಟ್ಟಲೆಯ ಶುಕ್ರವಾರಗಳೆಲ್ಲ ಅಲ್ಲೇ ಇದ್ದವು. ದೃಷ್ಟಿ ತೆಗೆಯುತ್ತೇನೆಂದು ಪಾಪದ ಯಂತ್ರದ ಉಸಿರನ್ನೇ ಕಟ್ಟಿಸಿದ್ದಳು. ಅವಳು ತಲೆಯ ಮೇಲೆ ಕೈಹೊತ್ತು ಕೂತಾಗ ಮಾರಿಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಪ್ರೀತಿ ಒಂಚೂರು ಜಾಸ್ತಿಯಾಯಿತು ಅಷ್ಟೇ ಎಂದು ಸಮಾಧಾನ ಹೇಳಿದಳು.

ಶ್ಯಾಮಲಾ ಜಿಡ್ಡನ್ನು ಬ್ರಷ್ಷಿನಲ್ಲಿ ಮೆಲ್ಲಗೆ ಬಿಡಿಸಿದಳು. ಪೆಟ್ಟಿಗೆಯನ್ನು ಪಕ್ಕದ ಪಂಕ್ಚರ್ ಅಂಗಡಿಗೆ ಹೊತ್ತುಕೊಂಡು ಹೋಗಿ, ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು, ಸ್ವಲ್ಪ ದೂರದಿಂದ ಗಾಳಿ ಹೊಡೆಸಿದಳು. ಉಳಿದ ಬೂದಿಯೆಲ್ಲ ರಸ್ತೆಯ ಪಾಲಾಯಿತು.

ಮತ್ತೆ ಆನ್ ಮಾಡಿದಾಗ ಫ್ಯಾನು ಇದೆಯೋ ಇಲ್ಲವೋ ಎಂಬಷ್ಟು ಮೌನ. ಉಂಗುರ ಮುಖವನ್ನೇ ತೋರಿಸಲಿಲ್ಲ. ಶ್ಯಾಮಲಾ ಕೂದಲಿನ ಭಾಗವನ್ನು ಆರಿಸಿ ಒಮ್ಮೆ ಒತ್ತಿದಳು, ಸೆಲ್ವರಾಜನ ತಲೆಯೆಲ್ಲ ಒಂದೇ ಸಲ ಬೆಳ್ಳಗಾಯಿತು. ರೈಲಿಗೆ ಇನ್ನೂ ಹೊತ್ತಿತ್ತು. ಗೆದ್ದ ಖುಷಿಯಲ್ಲಿ ತಿರುಗಿದರೆ ಮಾರಿಯಮ್ಮನ ಮುಖ ಬಾಡಿತ್ತು.

"ಯಾಕಮ್ಮ, ಚೆನ್ನಾಗಿಲ್ವಾ?"

"ಚೆನ್ನಾಗೈತೆ," ಎಂದಳು ಮಾರಿಯಮ್ಮ. "ಅವ್ರು ಓಗಿದ್ದೂ ಇಂಗೇ, ನಾನು ನೀರು ತರೋದ್ರೊಳಗೆ. ಇದನ್ನ ವಾಪಸ್ ಕಪ್ಪು ಮಾಡಕ್ಕಾಯ್ತದಾ? ಒಂದೊಂದೇ ಕೂದ್ಲು ಬೆಳ್ಳಗೆ ಮಾಡಮ್ಮಾ. ನಾನು ನೋಡ್ಕೊಂಡು ಕುಂತಿರ್ತೀನಿ."

ಹಾಗೆ ಮಾಡಿದರೆ ರೈಲು ತಪ್ಪುತ್ತದೆ ಎಂದು ಶ್ಯಾಮಲಾ ನೆನಪಿಸಿದಳು. ಇದರ ಹಿಂದೆ ಇನ್ನೊಂದು ರೈಲಿದೆ, ಮನೆಗೆ ಫೋನ್ ಮಾಡಿ ಹೇಳಿದರಾಯಿತು ಎಂದು ಮುದುಕಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಶ್ಯಾಮಲಾ ಸಾಫ್ಟ್‌ವೇರಿನಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಹೋದಳು, ಸೆಲ್ವರಾಜನ ತಲೆ ಮತ್ತೆ ಕಪ್ಪಾಯಿತು. ಎಲ್ಲಕ್ಕಿಂತ ಸಣ್ಣ ಬ್ರಷ್ ಆರಿಸಿಕೊಂಡು ಕಿವಿಯ ಪಕ್ಕದಿಂದ ಶುರು ಮಾಡಿದಳು. ಯಂತ್ರ ಈಗ ಕಾಯಿಸುತ್ತಿರಲಿಲ್ಲ, ಅವಳೇ ಕಾಯುತ್ತಿದ್ದಳು. ಒಂದು ಎಳೆ ಎಳೆದು ಕೈ ನಿಲ್ಲಿಸುವುದು, ಮುದುಕಿ ಹೂಂ ಎಂದ ಮೇಲೆ ಇನ್ನೊಂದು. ಮೊದಲ ಬಿಳಿಕೂದಲನ್ನು ಕೀಳೆಂದು ನನ್ನ ಹತ್ತಿರವೇ ಬಂದಿರುತ್ತಿದ್ದರು ಎಂದಳು ಮಾರಿಯಮ್ಮ. ಮೀಸೆಗೆ ಬರುವ ಹೊತ್ತಿಗೆ ಅವಳು ಪರದೆಗೆ ಮುಖ ತಾಗುವಷ್ಟು ಬಾಗಿದ್ದಳು. ಮಾರಿಕುಪ್ಪಂ ರೈಲು ಕೂಗಿಕೊಂಡು ಹೋಯಿತು, ಇಬ್ಬರೂ ತಲೆ ಎತ್ತಲಿಲ್ಲ.

ಹುಬ್ಬಿನ ಕೂದಲೂ ನರೆತ ಮೇಲೆ ಪರದೆಯಲ್ಲಿದ್ದ ಮುದುಕ ಅದೇ ತುಂಟ ನಗೆ ನಗುತ್ತಿದ್ದ. ಮಾರಿಯಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡಳು.

"ಸಾಕಮ್ಮಾ, ಇಷ್ಟು ವಯಸ್ಸು ಸಾಕು," ಎಂದಳು. "ಈಗ ಅವ್ರನ್ನ ನನ್ನ ಪಕ್ಕ ಕೂರ್ಸು."