ಒಂದು ದಿಮ್ಮಿ ಉದ್ದ

ಸೋಮವಾರ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗು. ಡ್ರಾಯಿಂಗ್ ಪೀರಿಯಡ್ ತೆಗೆದು ಗಣಿತಕ್ಕೆ ಕೊಡಿ ಅಂತ ಅರ್ಜಿ ಬರೆದಿದ್ದೇ ನಮ್ಮ ವೆಂಕಟೇಶ. ಮೈಸೂರಿನವನು, ಕೇರಳದ ಕಡಲ ತೀರದ ತುಂಬಾ ಅನ್ನೋ ಊರಲ್ಲಿ ರಾಕೆಟ್ ಬಿಡಿಭಾಗಗಳ ನಕ್ಷೆ ತಿದ್ದೋ ಇಂಜಿನಿಯರ್ರು. ಹದಿನೆಂಟು ಜನರ ಸಹಿನೂ ಹಾಕಿಸಿದ್ದ.

ಮೀಟಿಂಗಿಗೆ ಎರಡು ದಿನ ಮುಂಚೆ, ಶನಿವಾರ ಬೆಳಿಗ್ಗೆ, ಎಂಟನೇ ಕ್ಲಾಸಿನ ಮಗಳು ಮಹತಿಯ ಡ್ರಾಯಿಂಗ್ ಪುಸ್ತಕ ಟೇಬಲ್ ಮೇಲಿತ್ತು. ಕಟ್ಟುಮರದ ಚಿತ್ರ, ಅದೇ, ನಾಲ್ಕು ದಿಮ್ಮಿ ಸೇರಿಸಿ ಹಗ್ಗ ಬಿಗಿದಿರೋ ಮೀನುಗಾರರ ತೆಪ್ಪ. ಒಂದು ದಿಮ್ಮಿ ಮಾತ್ರ ಗೇಣುದ್ದ ಆಚೆ ಚಾಚ್ಕೊಂಡಿತ್ತು. ಇವನ ಕೈ ಸುಮ್ನಿರತ್ತಾ? ರಬ್ಬರಲ್ಲಿ ಉಜ್ಜಿ, ಸ್ಕೇಲಿಟ್ಟು ನಾಲ್ಕನ್ನೂ ಸಮ ಮಾಡೇಬಿಟ್ಟ.

ಮಹತಿ ನೋಡಿದ್ಲು. "ಮೇರಿ ಟೀಚರ್ ಡ್ರಾಯಿಂಗ್ ಕ್ಲಾಸಲ್ಲಿ ರಬ್ಬರ್ ಮುಟ್ಟೋ ಹಾಗಿಲ್ಲ ಅಪ್ಪ. ತಪ್ಪಾಯ್ತು ಅನ್ಸಿದ್ರೆ ಮತ್ತೆ ಹೋಗಿ ನೋಡ್ಬೇಕು."

"ತಪ್ಪಿತ್ತು ಕಣೆ, ಸರಿ ಮಾಡ್ದೆ."

"ಅಪ್ಪ ಕಂಡೋ?" ಸಿಟ್ಟು ಬಂದ್ರೆ ಅವಳಿಗೆ ಮಲಯಾಳಂ. ನೋಡಿದ್ಯಾ ಅಂತ.

"ನೋಡೋದೇನು, ಹದಿನಾರು ವರ್ಷದಿಂದ ಕಡಲ ಪಕ್ಕಾನೇ ಇದೀನಿ."

"ಇದೀರಿ, ಬಸ್ಸಲ್ಲಿ ನಿದ್ದೆ ಮಾಡ್ಕೊಂಡು," ಅಂದ್ಲು ಅಡಿಗೆಮನೆಯಿಂದ ಹೆಂಡತಿ ನಿರ್ಮಲ. "ಪುಟ್ಟು ಬೇಯೋಷ್ಟರಲ್ಲಿ ಇಬ್ರೂ ಹೋಗಿ ನೋಡ್ಕೊಂಡ್ಬನ್ನಿ."

ಹೋದ್ರು. ಮರಳ ಮೇಲೆ ಅದೇ ಕಟ್ಟುಮರ. ಒಂದು ದಿಮ್ಮಿ ಗೇಣುದ್ದ ಆಚೆ, ಮಹತಿ ಬರೆದ ಕಡೆಗೇ.

"ಹಳೇದು ಕೊಳೆತೋಯ್ತು ಸಾರೇ, ಸಿಕ್ಕಿದ್ದು ಹಾಕ್ದೆ," ಅಂದ ಬಲೆ ಬಿಡಿಸ್ತಿದ್ದ ಮುದುಕ.

"ಉದ್ದ ಕತ್ತರಿಸ್ಬಾರ್ದಿತ್ತಾ?"

"ಯಾಕೆ? ಆ ತುದಿಗೇ ಬಲೆ ಕಟ್ಟೋದು. ನಿಮ್ಮ ಮೋಳಿಗೆ, ಮಗಳಿಗೆ, ಎಲ್ಲಾ ಗೊತ್ತು. ಎರಡು ಗಂಟೆ ಕೂತು ಕೇಳ್ಕೊಂಡು ಬರ್ಕೊಂಡ್ಲು."

ವೆಂಕಟೇಶ ಜೊತೇಲಿ ತಂದಿದ್ದ ಪುಸ್ತಕ ತೆಗೆದ. ಆ ತುದೀಲಿ ಅವಳು ಹಗ್ಗ ಉಜ್ಜಿ ಸವೆದ ಗುರುತೂ ಬರೆದಿದ್ಲು. ಅದನ್ನೂ ಉಜ್ಜಿಬಿಟ್ಟಿದ್ದ, ಮಸುಕಾಗಿ ಉಳಿದಿತ್ತು ಅಷ್ಟೇ. ನನ್ನ ಮಗಳ ಕಣ್ಣು ಇದು, ಅಂದ್ಕೊಂಡ.

ಸೋಮವಾರ ಅರ್ಜಿ ಓದೋಕೆ ಎದ್ದು ನಿಂತೋನು ಆ ಪುಟಾನೇ ಎತ್ತಿ ಹಿಡಿದ. "ಈ ನೇರ ಗೀಟು ನಂದು. ನಾನು ನೋಡಿರ್ಲಿಲ್ಲ. ಅಡಿಯಲ್ಲಿ ಮಸುಕಾಗಿರೋದು ನನ್ನ ಮಗಳು ಮಹತೀದು. ಅವಳು ನೋಡಿದ್ಲು. ನೋಡೋದನ್ನ ಕಲಿಸ್ತಿರೋ ಪೀರಿಯಡ್ಡು ಇದೊಂದೇ, ಅದನ್ನ ತೆಗೀಬೇಡಿ."

ಪಕ್ಕದಲ್ಲಿದ್ದ ಇನ್ನೊಬ್ಬ ಪೇರೆಂಟ್ ಮನೋಜ್ ಗೊಣಗಿದ, "ಸಾರೇ, ನನ್ನ ಹತ್ರ ಸಹಿ ಹಾಕ್ಸಿದ್ದು ನೀವೇ ಅಲ್ವಾ?"

"ಹೌದು. ಆ ಸಹಿ ಹೊಡೆದ್ಹಾಕಿ."

ಪೀರಿಯಡ್ಡು ಉಳೀತು. ಹೊರಗೆ ಬಂದಾಗ ಮೇರಿ ಟೀಚರ್ ರಬ್ಬರ್ ಕೊಡಿ ಅನ್ನೋ ಹಾಗೆ ಕೈ ಚಾಚಿದ್ರು. ವೆಂಕಟೇಶ ಜೇಬಿಂದ ರಬ್ಬರ್ ತೆಗೆದು ಕೊಟ್ಟ. ಆಮೇಲೆ ಮಗಳ ಪುಸ್ತಕ ತಾನೇ ಎದೆಗವಚ್ಕೊಂಡು, ಗೇಟಿನವರೆಗೂ ಎಲ್ರಿಗೂ ಕಾಣೋ ಹಾಗೆ ನಡೆದ.