ತವರ ಬಂಡಿಯ ಅರ್ಥ

ನೇಸರಗಿಯ ಬಸವಣ್ಣೆಪ್ಪನಿಗೆ ಹಾಡುವುದಕ್ಕಿಂತ ಅರ್ಥ ಹೇಳುವ ಚಟವೇ ಹೆಚ್ಚು. ಅವನ ಭಜನಿ ಮೇಳ ಸತ್ತವರ ಮನೆಗೆ ಹೋಯಿತೆಂದರೆ ಹೆಣ ಎತ್ತುವ ಹೊತ್ತಿಗೆ ಒಂದು ಹಾಡು ಗ್ಯಾರಂಟಿ: “ತವರ ಬಂಡಿ ಬಂದು ನಿಂತೈತಿ, ತಡ ಯಾಕ ಮಗಳ, ಕೀಲಿ ಅತ್ತಿ ಕೈಯಾಗ ಕೊಟ್ಟು ಹತ್ತ ಬಾರ.” ಹಾಡು ಮುಗಿಸಿ, ಹಾರ್ಮೋನಿಯಂ ಪೇಟಿ ಬದಿಗೆ ಸರಿಸಿ ವಿವರಿಸುತ್ತಿದ್ದ. ಮಗಳು ಅಂದರೆ ಜೀವ, ಅತ್ತೆಮನೆ ಅಂದರೆ ಸಂಸಾರ, ತವರು ಅಂದರೆ ಶಿವನ ಪಾದ. ಅಳುವವರು ಅಳು ನಿಲ್ಲಿಸಿ ಕೇಳುತ್ತಿದ್ದರು. ಮೂವತ್ತು ವರ್ಷದಲ್ಲಿ ಸುತ್ತಲಿನ ಊರಿಗೆಲ್ಲ ಅದು ಸಾವಿನ ಹಾಡೇ ಆಗಿಹೋಯಿತು. ಶುಭಕಾರ್ಯದ ಮನೆಯಲ್ಲಿ ಅದರ ಮೊದಲ ಸಾಲನ್ನೂ ಯಾರೂ ಗುನುಗುತ್ತಿರಲಿಲ್ಲ.

ಅಂಥ ಹಾಡನ್ನು ಅವನ ಮಗಳು ಮಂಜುಳಾ ತನ್ನ ಚೊಚ್ಚಲ ಬಸಿರಿನ ಕುಬಸದ ದಿನವೇ, ಎಂ.ಕೆ. ಹುಬ್ಬಳ್ಳಿಯ ಗಂಡನ ಮನೆಯ ಪಡಸಾಲೆಯಲ್ಲಿ, ಆರತಿ ಹಿಡಿದ ಹೆಂಗಸರ ನಡುವೆ ಕೂತು ಹಾಡಿಬಿಟ್ಟಳು.

ತಪ್ಪು ಅವಳದೆನ್ನಲೂ ಬರುವುದಿಲ್ಲ. ಹೆಣ್ಣುಹುಡುಗಿಯನ್ನು ಸಾವಿನ ಮನೆಗೆ ಕರೆದೊಯ್ದವರಾರು? ಅವಳು ಅದನ್ನು ಕೇಳಿದ್ದು ಮನೆಯಲ್ಲಿ, ಅಜ್ಜಿ ಸತ್ಯವ್ವ ಜೋಳ ಹಸನು ಮಾಡುತ್ತ ಹಾಡುವಾಗ. ಊಟವಾದೊಡನೆ ಚೊಚ್ಚಲ ಹೆರಿಗೆಗೆ ತವರಿಗೆ ಹೊರಡುವವಳು. ಅಪ್ಪ ತಂದ ಜೀಪು ಹೊರಗೇ ನಿಂತಿತ್ತು. “ಭಜನಿಯವರ ಮಗಳು, ಒಂದ ಹಾಡ ಹೇಳವ್ವ” ಎಂದು ಹೆಂಗಸರು ಕಾಡಿದಾಗ, ಹಿಗ್ಗಿನಲ್ಲಿ ಬಾಯಿಗೆ ಬಂದದ್ದು ಅದೇ.

ಆರತಿ ಹಿಡಿದವರ ಕೈ ನಿಂತಿತು. ಕಂಬಕ್ಕೊರಗಿ ಕೂತಿದ್ದ ಅತ್ತೆ ಮುದಕವ್ವನ ಮುಖ ಕಪ್ಪಿಟ್ಟಿತು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಬಸಲಿಂಗಪ್ಪ ತೀರಿಕೊಂಡಾಗ ಇದೇ ಪಡಸಾಲೆಯಲ್ಲಿ ಬಸವಣ್ಣೆಪ್ಪ ಇದನ್ನೇ ಹಾಡಿದ್ದ. ಆ ಗುರುತಿನಿಂದಲೇ ಮುಂದೆ ಬೀಗತನ ಬೆಳೆದದ್ದು.

“ಬೀಗರ, ಜೀಪ ಖಾಲಿ ಒಯ್ರಿ,” ಎಂದಳು ಮುದಕವ್ವ. “ಇಂಥಾ ಹಾಡ ಬಾಯಾಗ ಬಂದಮ್ಯಾಲ ಬಸರ ಹೆಂಗಸನ್ನ ನಾ ಹೊಸ್ತಿಲಾ ದಾಟಿಸೂದಿಲ್ಲ. ಬಾಣಂತನ ಇಲ್ಲೇ ಆಗ್ಲಿ.”

ಮಂಜುಳಾ ಕಣ್ಣು ತುಂಬಿಕೊಂಡು ಅಪ್ಪನ ಕಡೆ ನೋಡಿದಳು. ನೇಸರಗಿಯ ಮನೆಯಲ್ಲಿ ಅವಳ ಕೋಣೆಗೆ ಸುಣ್ಣ ಹೊಡೆದು, ಹೊರಸು ಬಿಗಿದು, ಬಾಣಂತಿಯ ಉಂಡಿಗೆ ಅಂಟು ಕೊಬ್ಬರಿ ತಂದಿಟ್ಟು ತಿಂಗಳಾಗಿತ್ತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದೆನೆಂದು ಬಸವಣ್ಣೆಪ್ಪನಿಗೆ ಗೊತ್ತಾಯಿತು.

“ಅಕ್ಕಾರ, ಇದು ಸಾವಿನ ಹಾಡಲ್ರಿ. ನಮ್ಮವ್ವನ ಬೀಸೂ ಹಾಡು. ಪಂಚಮಿಗೆ ಅಣ್ಣ ಬಂಡಿ ಕಟಗೊಂಡು ಕರಿಯಾಕ ಬಂದ್ರ ಹೆಣ್ಣಮಕ್ಕಳಿಗೆ ಹಿಗ್ಗ ಆಗತೈತಲ್ಲ, ಅಷ್ಟ. ನಮ್ಮಪ್ಪ ಸತ್ತಾಗ ಬ್ಯಾರೆ ಹಾಡ ಬಾಯಿಗೆ ಬರಲಿಲ್ಲ, ಇದನ್ನ ಹಾಡಿದೆ. ಅರ್ಥ ಆಮ್ಯಾಲ ನಾನ ಹಚ್ಚಿದ್ದು.”

ಮುದಕವ್ವ ಕಂಬ ಬಿಟ್ಟು ನೆಟ್ಟಗೆ ಕೂತಳು.

“ನಾಲ್ಕ ವರ್ಷ ನಿಮ್ಮ ಮಾತಿನ ಮ್ಯಾಲ ಬದುಕೇನಿ. ಅವರು ಸತ್ತಿಲ್ಲ, ತಮ್ಮ ಮನಿಗೆ ಹೋಗ್ಯಾರ ಅಂತ. ಅದು ಸುಳ್ಳೇನ್ರಿ?”

ಅತ್ತ ದರಿ, ಇತ್ತ ಪುಲಿ. ಆ ಅರ್ಥ ನಿಜ ಅಂದರೆ ಇದು ಸಾವಿನ ಹಾಡೇ ಆಗಿ ಜೀಪು ಖಾಲಿ ಹೋಗುತ್ತದೆ. ಸುಳ್ಳು ಅಂದರೆ ಈ ಹೆಂಗಸಿನ ಊರುಗೋಲು ಕಸಿದಂತೆ. ಎರಡೂ ಖರೆ ಎಂದು ಬೆಣ್ಣೆ ಹಚ್ಚಿದ ಮಾತೊಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಂಥ ಮಾತಿಗೆ ಅವನಲ್ಲಿ ಎಂದೂ ಬರವಿರಲಿಲ್ಲ. ಅವಳ ಕಣ್ಣು ನೋಡಿ ಅದು ಹೊರಬರಲಿಲ್ಲ. ಮೊದಲ ಸಲ ಅವನಿಗೆ ತನ್ನ ಬಗ್ಗೆ ನಾಚಿಕೆಯಾಯಿತು.

“ನನಗ ಗೊತ್ತಿಲ್ರಿ ಅಕ್ಕಾರ. ನೀವು ಅಳೂದ ನೋಡಲಾರದ ಹೇಳಿದೆ.”

ಮುದಕವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೆಂಗಸರು ಅವಳ ಬಾಯನ್ನೇ ನೋಡುತ್ತ ನಿಂತರು. ಕಡೆಗೆ ಅವಳು ಆರತಿ ಮುಂದುವರಿಸಲು ಕೈಸನ್ನೆ ಮಾಡಿದಳು.

“ಕರಕೊಂಡ ಹೋಗ್ರಿ ಹುಡುಗೀನ. ನಾ ಸತ್ತಾಗ ಬಂದು ಇದನ್ನ ಹಾಡ್ರಿ, ಆದ್ರ ಅರ್ಥ ಹೇಳಬ್ಯಾಡ್ರಿ. ಅದನ್ನ ನಾನ ಹೋಗಿ ನೋಡತೇನಿ.”