ಸೇತುವೆ ಕೆಳಗಿನ ತಂಪು

ಬೇಸಿಗೆ ಬಂತೆಂದರೆ ನಮ್ಮ ಗೊಳಸಂಗಿ ಸೀಮೆಯಲ್ಲಿ ನೆರಳಿಗಾಗಿ ಮನುಷ್ಯರೂ ಕುರಿಗಳೂ ಜಗಳ ಆಡುವುದೊಂದು ಬಾಕಿ. ಕುರಿ ಕಾಯುವ ಗುರಣ್ಣನಿಗೆ ಈ ಸಲ ಮರಿಗಳದೇ ಚಿಂತೆ. ದೊಡ್ಡ ಕುರಿಗಳು ಹೇಗೋ ಬಿಸಿಲು ತಡೆಯುತ್ತವೆ, ಹಾಲು ಕುಡಿಯುವ ಮರಿಗಳು ತಡೆಯುವುದಿಲ್ಲ. ಹಾಗಾಗಿ ಅವನು ಒಣಗಿದ ಹಳ್ಳಕ್ಕೆ ಇಳಿದು, ಸೇತುವೆಯ ಕೆಳಗಿನ ತಂಪು ಉಸುಕಿನ ಮೇಲೆ ಬಲೆ ಕಟ್ಟಿ, ಮರಿಗಳನ್ನು ಅದರೊಳಗೆ ಕೂಡಿದ್ದ. ಕಾವಲಿಗೆ ಹೆಂಡತಿ ಹುಚ್ಚವ್ವ. ಪಾಪ, ಮೊಣಕಾಲು ನೋವಿನ ಹೆಂಗಸು. ಒಮ್ಮೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು.

ಕುರಿಗಾರರು ಬಹಳ ಮಂದಿ ಹೀಗೇ ಮಾಡುತ್ತಾರೆ. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಗುರಣ್ಣನೂ ಅದನ್ನೇ ಕೇಳಿದ.

ಒಂದು ಮಧ್ಯಾಹ್ನ ಅವನು ದಂಡೆಯ ಮೇಲಿನ ಬೇವಿನ ಗಿಡದ ಕೆಳಗೆ ದೊಡ್ಡ ಕುರಿಗಳೊಂದಿಗೆ ಕೂತಿದ್ದ. ಜೊತೆಗೆ ಗೆಳೆಯ ರಾವಸಾಬ, ಇನ್ನಿಬ್ಬರು ಎಲೆಅಡಿಕೆ ಸಂಗಾತಿಗಳು. ಹಳ್ಳದ ಪಕ್ಕದ ಹೊಲದಿಂದ ಕಾಶಿಬಾಯಿ ಓಡುತ್ತ ಬಂದಳು. ಮಹಿಳಾ ಸಂಘದಲ್ಲಿ ಚುರುಕಾಗಿ ಓಡಾಡುವ ಹೆಣ್ಣುಮಗಳು ಅವಳು.

"ಕಾಕಾ, ಮರಿ ಮ್ಯಾಲೆ ತಗೀರಿ. ಕಾಕಿನೂ ಕರೀರಿ. ಬಾಗೇವಾಡಿ ಕಡಿ ಮುಗಲ ಕರ್ರಗ ಆಗೇತಿ ನೋಡ್ರಿ. ಗುಡುಗು ಸಿಡ್ಲಿನ ಮಳಿ ಐತಂತ ಮೊಬೈಲಿಗೂ ಬಂದೈತಿ."

"ಇಲ್ಲಿ ಒಂದ ಹನಿ ಇಲ್ಲ. ಬಿಸಲಿಗೆ ತೆಲಿ ಸಿಡಿಯಾಕತ್ತೈತಿ, ನೀ ಮಳಿ ಅಂತಿ!"

"ಇಲ್ಲಿ ಬೀಳೂದ ಬ್ಯಾಡ್ರಿ. ಮ್ಯಾಲೆ ಬಿದ್ದ ನೀರ ಇದ ಹಳ್ಳಕ್ಕ ಇಳೀತೈತಿ. ಬಂದ್ರ ಒಮ್ಮೆಲೆ ಬರ್ತೈತಿ, ಏಳಾಕ ವ್ಯಾಳ್ಯಾ ಸಿಗೂದಿಲ್ಲ."

ಗುರಣ್ಣ ಗೆಳೆಯರ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಮಳಿರಾಯ ಇಕಿಗೆ ಫೋನ ಹಚ್ಚಿ ಹೇಳ್ಯಾನಂತ! ಯಾಕವಾ, ನಿಮ್ಮ ಸಂಘದಾಗ ಈಗ ಮಳಿನೂ ಹಂಚಾಕತ್ತೀರೇನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುರಣ್ಣನಿಗೆ ಹುರುಪು ಬಂತು. ಸೇತುವೆ ಕಡೆ ಕೂಗಿದ: "ಏ ಹುಚ್ಚವ್ವಾ, ಯಾರ ಏನ ಅಂದ್ರೂ ಏಳಬ್ಯಾಡ! ನಾ ಕರದಾಗ ಬಾ!"

ಕಾಶಿಬಾಯಿಯ ಮುಖ ಸಣ್ಣದಾಯಿತು. ಆದರೂ ಅವಳು ಮನೆಗೆ ಹೋಗಲಿಲ್ಲ, ಸೇತುವೆಯ ಪಕ್ಕಕ್ಕೆ ಹೋಗಿ ನಿಂತಳು. ದೂರದಲ್ಲಿ ಗುಡುಗು ಕೇಳುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಹಳ್ಳದ ಉಸುಕಿನ ಮೇಲೆ ಕೆಂಪು ನೀರಿನ ಎಳೆಯೊಂದು ಹರಿದು ಬಂತು. ಅದನ್ನು ಕಂಡದ್ದೇ ತಡ, ಅವಳು ಕೆಳಗೆ ಇಳಿದಳು.

"ಕಾಕೀ, ಏಳ್ರಿ!"

"ಆಂವ ಇನ್ನೂ ಕರದಿಲ್ಲಲ್ಲ ತಂಗಿ. ಬೈತಾನ."

ಕಾಶಿಬಾಯಿ ಮಾತು ಬೆಳೆಸಲಿಲ್ಲ. ಬಗಲಿಗೆ ಕೈ ಹಾಕಿ ಎತ್ತಿ, ದಂಡೆಗೆ ಎಳೆದು ತಂದಳು. ಅವರು ಮೇಲೆ ಹತ್ತುವುದಕ್ಕೂ ಹಳ್ಳ ಬೊಬ್ಬೆ ಹೊಡೆಯುತ್ತ ಬರುವುದಕ್ಕೂ ಸರಿಹೋಯಿತು. ಬಲೆಯೊಳಗಿನ ಮರಿಗಳಿಗೆ ಓಡಲು ದಾರಿಯೇ ಇರಲಿಲ್ಲ. ಗುರಣ್ಣ ಅರಚುತ್ತ ನೀರಿಗೆ ಜಿಗಿಯಲು ಹೋದ, ರಾವಸಾಬ ಅಂಗಿ ಹಿಡಿದು ಜಗ್ಗಿದ. ಮರಿಗಳ ಕೂಗು ಕೇಳಿತು, ಆಮೇಲೆ ಕೇಳಲಿಲ್ಲ. ಅಷ್ಟಾದರೂ ಅವರ ತಲೆಯ ಮೇಲೆ ಬಿಸಿಲೇ ಇತ್ತು.

ಹುಚ್ಚವ್ವ ಅಳಲಿಲ್ಲ. ಒದ್ದೆ ಸೀರೆ ಹಿಂಡುತ್ತ ಗಂಡನಿಗೆ ಇಷ್ಟೇ ಹೇಳಿದಳು: "ನೀ ಕರೀತಿ ಅಂತ ಕುಂತಿದ್ದೆ."

ಗುರಣ್ಣನಿಗೆ ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು. ಮರಿ ಹೋದದ್ದಕ್ಕಿಂತ ಆ ಮಾತು ಅವನನ್ನು ಹೆಚ್ಚು ಸುಟ್ಟಿತು. ನಾಲ್ಕು ಮಂದಿಯ ಎದುರು ನಗಿಸಬೇಕೆಂದು ಅವನು ಹೆಂಡತಿಯನ್ನೇ ಹಳ್ಳದಲ್ಲಿ ಕೂಡಿಸಿದ್ದ.

ಮರುದಿನ ಕಾಶಿಬಾಯಿಯ ಮನೆಗೆ ಹೋದ. ಹೊಸ್ತಿಲ ಹೊರಗೇ ನಿಂತ.

"ಒಳಗ ಬರ್ರಿ ಕಾಕಾ."

"ಯಾವ ಮಾರಿ ಹೊತ್ಕೊಂಡ ಬರ್ಲಿ ತಂಗಿ? ತಪ್ಪಾತು. ಇನ್ನ ಮುಂದ ಹುಟ್ಟೂ ಮರಿ ಎಲ್ಲಿ ಕಟ್ಲಿ, ಅಷ್ಟ ಹೇಳು."

"ಎತ್ತರದ ಜಾಗಾದಾಗ ಜ್ವಾಳದ ದಂಟಿನ ಕಣಕಿ ಹೊಚ್ಚಿ ಚಪ್ಪರ ಹಾಕ್ರಿ. ಸುತ್ತ ಒದ್ದಿ ಗೋಣಿತಾಟ ಕಟ್ರಿ, ಗಾಳಿ ಆಡಾಕ ಬಿಡ್ರಿ. ನೀರ ಹತ್ರ ಇರ್ಲಿ. ಹಳ್ಳದಾಗ ಮಾತ್ರ ಬ್ಯಾಡ. ಮತ್ತ ನಿನ್ನೆ ಗುಡುಗು ಕೇಳಿದ್ರೂ ಆ ಒಂಟಿ ಬೇವಿನ ಗಿಡದ ಬುಡಕ ಕುಂತಿದ್ರೆಲ್ಲ, ಅದೂ ತಪ್ಪ. ಸಿಡ್ಲು ಅಂಥಾ ಗಿಡಕ್ಕ ಬಡೀತೈತಿ. ಗುಡುಗು ಕೇಳಿದ ಕೂಡ್ಲೆ ಗಟ್ಟಿ ಮನಿ ಸೇರ್ಬೇಕು."

"ಇಷ್ಟ ಸಣ್ಣ ಮಾತ ನಿನ್ನೆ ನನ್ನ ತೆಲಿಗೆ ಯಾಕ ಹೋಗ್ಲಿಲ್ಲೋ?"

ಕಾಶಿಬಾಯಿ ಮುಚ್ಚಿಡುವ ಪೈಕಿ ಅಲ್ಲ. "ನಾಕ ಮಂದಿ ಮುಂದ ಹೆಣ್ಮಗಳ ಮಾತ ಕೇಳೂದು ನಿಮಗ ಭಾರ ಆತ್ರಿ."

"ಹೌದವಾ," ಎಂದ ಗುರಣ್ಣ. ತಲೆ ಎತ್ತಲಿಲ್ಲ.

ಅಂದೇ ಅವನೂ ಹುಚ್ಚವ್ವನೂ ದಿನ್ನೆಯ ಮೇಲೆ ಚಪ್ಪರ ಹಾಕಿದರು. ಕಣಕಿ ಹೊತ್ತು ತಂದವನು ಗುರಣ್ಣ. ಎಲ್ಲಿ ಕಟ್ಟಬೇಕು, ಯಾವಾಗ ಏಳಬೇಕು ಎಂದು ಹೇಳಿದವಳು ಹುಚ್ಚವ್ವ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೇಸಿಗೆಯಲ್ಲಿ ಒಣಹಳ್ಳದಲ್ಲಿ ದನಕರು ಕಟ್ಟಬೇಡಿ, ಸೇತುವೆ ಕೆಳಗೆ ಮಲಗಬೇಡಿ. ಮೇಲಿನ ಸೀಮೆಯಲ್ಲಿ ಮೋಡ ಕಪ್ಪಾದರೆ, ನಿಮ್ಮಲ್ಲಿ ಬಿಸಿಲಿದ್ದರೂ ಮೇಲಕ್ಕೆ ಬನ್ನಿ. ನೀರು ಬಂದ ಮೇಲೆ ಯಾವುದಕ್ಕೂ ಹಳ್ಳಕ್ಕೆ ಇಳಿಯಬೇಡಿ. ನೀವು ಎದ್ದು ಬಂದ ದಿನ ಮಳೆ ಬಾರದೆ ಹೋದರೆ ನಾಲ್ಕು ಮಂದಿ ನಗಬಹುದು. ನಗಲಿ ಬಿಡಿ. ಆ ನಗೆ ಕೇಳುವುದಕ್ಕಾದರೂ ನಿಮ್ಮ ಮನೆಯವರೆಲ್ಲ ಇರುತ್ತಾರೆ.